ಮಾವನ ಕಾರಿನ ಹಿಂಗಾಲು

ಕಾರಿನ ಕೆಳಗೆ ಅಂಗಾತ ಮಲಗಿದ್ದವನಿಗೆ ಮಾವನ ಪಾದಗಳು ಮಾತ್ರ ಕಾಣುತ್ತಿದ್ದವು. ಮಾವ ಸ್ಟೂಲಿನ ಮೇಲೆ ಕೂತು, ಸೊಂಟದ ಬೆಲ್ಟು ಬಿಟ್ಟಷ್ಟೇ ಬಾಗಿ, ಹಿಂದಿನ ಆಕ್ಸಲಿನ ಮೇಲೆ ಟಾರ್ಚು ಹಿಡಿದಿದ್ದರು. ಮೊದಮೊದಲು ಬೆಳಕು ಬೋಲ್ಟಿನ ತಲೆಯ ಮೇಲೆ ಮೊಳೆ ಹೊಡೆದ ಹಾಗೆ ನಿಂತಿರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅದರ ಅಂಚು ನಡುಗುತ್ತಿತ್ತು. ಆಮೇಲೆ ಇಡೀ ಬೆಳಕೇ ಬೋಲ್ಟನ್ನು ಬಿಟ್ಟು, ಎಣ್ಣೆ ಹಿಡಿದ ಕಬ್ಬಿಣದ ಮೇಲೆ ಜಾರಿ, ತಪ್ಪು ಮಾಡಿದವರ ಹಾಗೆ ಅವಸರದಲ್ಲಿ ವಾಪಸು ಬರುತ್ತಿತ್ತು. ಅದೇ ಗಳಿಗೆಯಲ್ಲಿ ಮಾವನ ಎಡಗಾಲಿನ ಬೆರಳುಗಳು ನೆಲವನ್ನು ಒತ್ತಿ ಹಿಡಿಯುತ್ತಿದ್ದವು. ನೋವು ಬೆನ್ನಿನಿಂದ ಇಳಿದು ಬಂದು ಆ ಬೆರಳುಗಳಲ್ಲಿ ನಿಲ್ಲುವುದನ್ನು ಅವನು ಬೆಳಗಿನಿಂದ ನೋಡುತ್ತಿದ್ದ.

"ಮಾವ, ಟಾರ್ಚು ಅಲ್ಲೇ ಇಟ್ಟು ಸ್ವಲ್ಪ ಓಡಾಡಿ ಬನ್ನಿ."

"ಯಾಕೆ, ಬೆಳಕು ಸಾಲ್ತಿಲ್ವಾ?"

"ಬೆಳಕು ಸಾಲುತ್ತೆ. ನಿಮಗೆ ಕೂತು ಕೂತು..."

"ನಾನು ಆರಾಮಾಗಿದ್ದೀನಿ. ನೀವು ನಿಮ್ಮ ಕೆಲಸ ನೋಡಿ ಅಳಿಯಂದಿರೇ."

ಆರಾಮು. ಹೋದ ವಾರ ಇದೇ ಬಾಯಿಯಿಂದ ಬಂದದ್ದು "ಚೆನ್ನಾಗಿದೆ" ಎಂಬ ಮಾತು. ಅದು ಅಂದಿನಿಂದ ಅವನ ಒಳಗೆ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕೂತುಬಿಟ್ಟಿತ್ತು. ಡೈರಿಯಲ್ಲಿ ಹಾಲಿನ ಯಂತ್ರಗಳ ನಟ್ಟು ತಿರುವುವಾಗ, ಊಟಕ್ಕೆ ಕೂತಾಗ, ಹೆಂಡತಿ ಏನೋ ಹೇಳುತ್ತಿರುವಾಗ ನಾಲಗೆ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಮಾವನ ಬೆನ್ನಿಗೆ ಆಪರೇಷನ್ ಮಾಡಿದ ಡಾಕ್ಟರು ಬಹಳ ಸರಳವಾಗಿ ಹೇಳಿದ್ದರು: "ಹಿಂದಿನ ಚಕ್ರ ಗುಂಡಿಗೆ ಬಿದ್ದ ಸುದ್ದಿ ನಿಮ್ಮ ಬೆನ್ನಿಗೆ ಮುಟ್ಟಬಾರದು. ಮುಟ್ಟೋದಾದ್ರೆ ಆ ಕಾರನ್ನ ಮರೆತುಬಿಡಿ." ನೆಲಕ್ಕೆ ಅಂಟಿಕೊಂಡಂತಿದ್ದ, ಎರಡೇ ಸೀಟಿನ ಆ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಕೂರುವುದೆಂದರೆ ಹಿಂದಿನ ಆಕ್ಸಲಿನ ಮಡಿಲಲ್ಲೇ ಕೂತ ಹಾಗೆ, ಅದಕ್ಕೆ ಸುದ್ದಿ ಮುಟ್ಟಿಸುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ಮಾವ ತಲೆಯಾಡಿಸಿದ್ದರು. ಮನೆಗೆ ಬಂದು ಕಾರಿನ ಮೇಲೆ ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟಿದ್ದರು. ಒಂದೊಂದೇ ಕಲ್ಲನ್ನು, ಬಾಗಲಾರದೆ ಬಾಗಿ, ಅವರು ಇಡುವುದನ್ನು ಕಿಟಕಿಯಿಂದ ನೋಡುತ್ತಿದ್ದಾಗ ಅವನಿಗೆ ಅನ್ನಿಸಿತು: ಈ ಕಾರನ್ನು ಅವರ ಬೆನ್ನಿಗೆ ಒಗ್ಗುವ ಹಾಗೆ ನಾನು ಮಾಡಿಕೊಡುತ್ತೇನೆ. ಇಷ್ಟನ್ನಾದರೂ ಮಾಡದಿದ್ದರೆ ಈ ಮನೆಯಲ್ಲಿ ಉಂಡ ಅನ್ನಕ್ಕೆ ಅರ್ಥವಿಲ್ಲ.

ಹೇಳಿಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. ಕೃತಜ್ಞತೆ ಎಂಬ ಮಾತು ಪುಸ್ತಕದಲ್ಲಿ ಸರಿ, ಊಟದ ಮನೆಯಲ್ಲಿ ಅದನ್ನು ಯಾರು ಆಡುತ್ತಾರೆ? ಕೆಲವು ವರ್ಷಗಳ ಹಿಂದೆ ಅವನು ಹೆಂಡತಿಯ ತವರಿಗೆ ಬಂದು, ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ. ಜ್ವರವಿರಲಿಲ್ಲ, ಗಾಯವಿರಲಿಲ್ಲ. ಗೋಡೆಯ ಸುಣ್ಣ ಎಲ್ಲೆಲ್ಲಿ ಉಬ್ಬಿದೆ, ಎಲ್ಲಿ ಬಿರುಕು ಕವಲೊಡೆಯುತ್ತದೆ ಎಂದು ಈಗಲೂ ಅವನು ಕಣ್ಣು ಮುಚ್ಚಿ ಹೇಳಬಲ್ಲ. ಯಾರೂ ಏನಾಯಿತು ಎಂದು ಕೇಳಲಿಲ್ಲ. ಅತ್ತೆ ತಟ್ಟೆ ಇಟ್ಟು ಹೋಗುತ್ತಿದ್ದರು, ತಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ಹಾಗೆಯೇ ಒಂದು ಬೆಳಗ್ಗೆ ಮಾವ ಬಾಗಿಲಲ್ಲಿ ನಿಂತು, ಕೈಯಲ್ಲಿ ಹಗ್ಗದ ಸುರುಳಿ, ಇನ್ನೊಂದು ಕೈಯಲ್ಲಿ ಔಷಧಿ ಪೆಟ್ಟಿಗೆ, ಅತಿಥಿಯನ್ನು ಕರೆಯುವ ಹಾಗೆ ಮೆತ್ತಗೆ ಕೇಳಿದ್ದರು: "ಅಳಿಯಂದಿರೇ, ಹಸು ಒಂದು ಕಷ್ಟಪಡ್ತಿದೆ. ಕರು ಅಡ್ಡ ಬಿದ್ದಿದೆ. ಎಳೆಯೋಕೆ ಇನ್ನೊಂದು ಜೊತೆ ಕೈ ಬೇಕಿತ್ತು." ಎದ್ದದ್ದು ತಾನಲ್ಲ, ತನ್ನ ಕೈಗಳು ಎಂದು ಆಮೇಲೆ ಅನ್ನಿಸಿತ್ತು. ದನದ ಡಾಕ್ಟರಾಗಿದ್ದ ಮಾವನ ಆ ತಗ್ಗು ಕಾರು ಹೊಲದ ನಡುವಿನ ಬಂಡಿಜಾಡಿನಲ್ಲಿ ಎಗರುತ್ತಾ ಹೋಯಿತು. ಪ್ರತಿ ಗುಂಡಿಗೂ ಹಿಂದಿನಿಂದ ಯಾರೋ ಬೆನ್ನಿಗೆ ಗುದ್ದಿದ ಹಾಗೆ ಪೆಟ್ಟು. ಗುದ್ದು, ಗುದ್ದು. ಎಷ್ಟೋ ದಿನಗಳಿಂದ ಮೈಯಿದೆ ಎಂಬುದನ್ನೇ ಮರೆತವನಿಗೆ ಆ ಪೆಟ್ಟುಗಳಿಂದ ಮೊದಲು ಬೆನ್ನು, ಆಮೇಲೆ ಹಲ್ಲು, ಆಮೇಲೆ ಹೊಟ್ಟೆ ಒಂದೊಂದಾಗಿ ವಾಪಸು ಬಂದವು. ಕರು ಬದುಕಿತು. ತಿರುಗಿ ಬರುವಾಗ ಅವನಿಗೆ ಹಸಿವಾಗಿತ್ತು. ಆ ಕಾರು ಸಹ ಹೀಗೇ ಬಂದದ್ದು. ಯಾರದೋ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡಲು ಗೂಡು ಮಾಡಿಕೊಂಡಿದ್ದ ಕಾರನ್ನು, ಸಾಯುತ್ತಿದ್ದ ಹಸುವನ್ನು ಉಳಿಸಿಕೊಟ್ಟದ್ದಕ್ಕೆ ಆ ಮನೆಯವರು ಮಾವನಿಗೆ ಕೊಟ್ಟಿದ್ದರಂತೆ. ಕೊಟ್ಟವರು ಏನು ಹೇಳಿ ಕೊಟ್ಟರೋ. ಬಹುಶಃ ಏನೂ ಹೇಳದೆ ಕೋಳಿಗಳನ್ನು ಓಡಿಸಿರಬೇಕು.

ಬಲಗಡೆಯ ಕೊನೆಯ ಕೆಂಪು ಬುಷ್ ಹೊರಗೆ ಬಂತು. ಅವನು ಅದನ್ನು ಎದೆಯ ಮೇಲಿಟ್ಟುಕೊಂಡು ಒಂದು ಕ್ಷಣ ಹಾಗೇ ಮಲಗಿದ. ಬುಷ್ ಎಂದರೆ ಒಂದು ಮೆತ್ತೆ, ಬಳೆಯಷ್ಟು ಅಗಲ, ಹೆಬ್ಬೆರಳಷ್ಟು ಉದ್ದ. ಪದರ ಪದರವಾದ ಪಟ್ಟಿ ಸ್ಪ್ರಿಂಗು, ಗ್ಯಾರೇಜಿನವರು ಪಾಟಾ ಅನ್ನುವುದು, ಕಾರಿನ ಮೈಗೆ ಸೇರುವ ಕಣ್ಣುಗಳಲ್ಲಿ ಅದು ಕೂರುತ್ತದೆ. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಜಗಳವಾಗದ ಹಾಗೆ ನೋಡಿಕೊಳ್ಳುವುದು ಅದರ ಬಾಳು. ಹೊಸ ಪಾಟಾ ತಂದದ್ದು ಸರಿಯಾಗಿತ್ತು. ಎಣ್ಣೆ ಸೋರುತ್ತಿದ್ದ ತೋಳಿನ ಆಕಾರದ ಹಳೆಯ ಶಾಕ್ ಅಬ್ಸಾರ್ಬರ್ ತೆಗೆದು, ಕೊಳವೆಯಂಥ ಹೊಸದನ್ನು ಕೂರಿಸಿದ್ದೂ ಸರಿಯೇ. ತಪ್ಪಿದ್ದು ಈ ಬುಷ್‌ಗಳಲ್ಲಿ, ಈ ಚಂದದ ಕೆಂಪಿನಲ್ಲಿ. ಅವನು ಪಟ್ಟಣದ ದೊಡ್ಡ ಅಂಗಡಿಗೆ ಹೋಗಿದ್ದ. ಗೋಡೆಯ ತುಂಬ ರೇಸು ಕಾರುಗಳ ಪಟ, ಗಾಜಿನ ಮೇಜು, ಮೇಜಿಗೆ ಒರಗಿ ನಿಂತಿದ್ದ ಕಪ್ಪು ಕನ್ನಡಕದ ಇಬ್ಬರು ಗಿರಾಕಿಗಳು. ಹಾಲಿನ ವಾಸನೆ ತನ್ನ ಅಂಗಿಯಿಂದ ಬರುತ್ತಿದೆಯೋ ಎಂದು ಅವನಿಗೆ ಅಳುಕು. ಅಂಗಡಿಯವನು ಎರಡು ಬುಷ್ ಮೇಜಿನ ಮೇಲೆ ಉರುಳಿಸಿದ್ದ, ಒಂದು ಕಪ್ಪು ರಬ್ಬರು, ಒಂದು ಕೆಂಪು ಪ್ಲಾಸ್ಟಿಕ್ಕು. "ರಬ್ಬರು ಅಂದ್ರೆ ಅಜ್ಜಂದಿರಿಗೆ ಸಾರ್. ಅಪ್‌ಗ್ರೇಡು ಅಂದ್ರೆ ಇದು. ಇದನ್ನ ಹಾಕಿ, ಗಾಡಿ ನೆಲ ಕಚ್ಚಿಕೊಂಡು ಓಡುತ್ತೆ. ಯಾವುದಕ್ಕೆ, ರೇಸಿಗಾ, ಬೆಟ್ಟ ಹತ್ತೋ ಪಂದ್ಯಕ್ಕಾ?" ಕನ್ನಡಕದವರು ಅವನತ್ತ ತಿರುಗಿದರು. ಅಜ್ಜನಿಗೇ, ಬೆನ್ನಿಗೆ ಕಬ್ಬಿಣದ ಕಡ್ಡಿ ಹಾಕಿಸಿಕೊಂಡ ನನ್ನ ಮಾವನಿಗೇ ಎನ್ನಬೇಕಾದ ಬಾಯಿ, "ಬೆಟ್ಟಕ್ಕೆ" ಅಂದಿತು. ಅಂದುಬಿಟ್ಟಿತು. ಬಸ್ಸಿನಲ್ಲಿ ಅಷ್ಟು ದೂರ ಆ ಪೊಟ್ಟಣವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ.

ಹೋದ ವಾರ ಮಾವ ಓಡಿಸಿಕೊಂಡು ಕಾಲುವೆಯ ಸೇತುವೆಯವರೆಗೆ ಹೋಗಿ ಬಂದರು. ಇಳಿದಾಗ ಮುಖ ಒಗೆದ ಬಟ್ಟೆಯ ಹಾಗೆ ಬಿಳಿಚಿತ್ತು. ಕಾರಿನ ಬಾಗಿಲನ್ನು ಹಿಡಿದು ನಿಂತೇ, "ಬಹಳ ಚೆನ್ನಾಗಿದೆ. ನೆಲಕ್ಕೆ ಅಂಟಿಕೊಂಡು ಓಡುತ್ತೆ" ಎಂದರು. ಮರುದಿನ ಬೆಳಗ್ಗೆ ಚಹಾಕ್ಕೆ ಕರೆಯಲು ಹೋದವನು ಅರ್ಧ ತೆರೆದ ಬಾಗಿಲಲ್ಲೇ ನಿಂತುಬಿಟ್ಟ. ಮಾವ ಮಂಚದ ಪಕ್ಕ ನೆಲದಲ್ಲಿ ಅಂಗೈ ಮೊಣಕಾಲು ಊರಿ, ಹಣೆಯನ್ನು ಹಾಸಿಗೆಯ ಅಂಚಿಗೆ ಒತ್ತಿಕೊಂಡು ಇದ್ದರು. ಏಳುವುದಕ್ಕೆ ಮೊದಲು ಸುಧಾರಿಸಿಕೊಳ್ಳುತ್ತಿದ್ದರು. ಮೊದಲು ಸೊಂಟವನ್ನು ಎತ್ತಿದರು, ನಿಲ್ಲಿಸಿದರು, ಮತ್ತೆ ಇಳಿಸಿದರು. ಅವನು ಉಸಿರು ಬಿಡದೆ ಹೆಜ್ಜೆ ಹಿಂದೆಗೆದ. ನೋಡಬಾರದ್ದನ್ನು ನೋಡಿದೆ ಎನ್ನುವುದಕ್ಕಿಂತ, ಅದನ್ನು ಮಾಡಿದವನು ನಾನೇ ಎನ್ನುವುದು ಕಾಲಿಗೆ ಭಾರವಾಗಿ ಅಂಟಿಕೊಂಡಿತು. ತಿಂಡಿಗೆ ಬಂದಾಗ ಮಾವ ತಲೆ ಬಾಚಿದ್ದರು. "ಅಳಿಯಂದಿರ ಕೆಲಸ ಅಂದ್ರೆ ಕೆಲಸ" ಎಂದು ಮಗಳಿಗೆ ಹೇಳಿದರು. ಅತ್ತೆ ಮಾಡಿನ ಹಂಚು ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದರು.

ಆಗ ಅವನಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. "ಒಂದು ಬುಷ್ ಸರಿಯಾಗಿ ಕೂತ ಹಾಗಿಲ್ಲ ಮಾವ, ರಜೆ ದಿನ ಬಿಚ್ಚಿ ನೋಡ್ತೀನಿ" ಎಂದ. "ಬೇಡ, ಯಾಕೆ ಸುಮ್ಮನೆ ನಿಮಗೆ ಶ್ರಮ" ಎಂದರು ಅವರು. ಒಬ್ಬರು ಇನ್ನೊಬ್ಬರ ದಾರಿಗೆ ಹೂವು ಹಾಸುತ್ತಾ, ಆ ಹೂವಿನ ಕೆಳಗೆ ಮುಳ್ಳಿರುವುದು ಇಬ್ಬರಿಗೂ ಗೊತ್ತಿದ್ದು ನಡೆಯುತ್ತಿದ್ದ ಹಾಗಿತ್ತು.

ಅತ್ತೆ ಚಹಾ ತಂದರು. ಮಾವನ ಪಾದಗಳ ಪಕ್ಕದಲ್ಲಿ ಅತ್ತೆಯ ಅಗಲವಾದ, ಹಿಮ್ಮಡಿ ಒಡೆದ ಪಾದಗಳು ಬಂದು ನಿಂತವು.

"ಏನಂತೆ ಈ ಚಪ್ಪಲಿಗೆ? ಇನ್ನೂ ಹೊಲಿಗೆ ಮುಗಿಲಿಲ್ವಾ?" ಕಾರು ಮನೆಗೆ ಬಂದ ದಿನದಿಂದ ಅತ್ತೆ ಅದನ್ನು ಕರೆಯುತ್ತಿದ್ದದ್ದು ಚಪ್ಪಲಿ ಎಂದೇ. ಅಷ್ಟು ತಗ್ಗು, ಅಷ್ಟು ಚಪ್ಪಟೆ. ಒಂದು ದಿನವೂ ಅದರಲ್ಲಿ ಕೂತವರಲ್ಲ. "ಅದಕ್ಕೆ ಹತ್ತೋದು ಅಂತಿಲ್ಲ, ಬೀಳೋದು. ಬಿದ್ದ ಮೇಲೆ ಎತ್ತೋಕೆ ನಾಲ್ಕು ಜನ ಬೇಕು" ಎನ್ನುತ್ತಿದ್ದರು.

"ಆಯ್ತು ಅತ್ತೆ, ರಬ್ಬರು ಕೂರಿಸಿದ್ರೆ ಮುಗೀತು."

"ರಬ್ಬರಾ? ಹೋದ ವಾರ ಅದೇನೋ ಕೆಂಪಗೆ ಬಳೆ ತೊಡಿಸಿದ್ರಲ್ಲ ಇದಕ್ಕೆ?"

"ಅದೂ ಚೆನ್ನಾಗೇ ಇತ್ತು" ಎಂದರು ಮಾವ ಬೇಗ.

ಅತ್ತೆಯ ಪಾದಗಳು ಅಲ್ಲಾಡಲಿಲ್ಲ. ಅವರು ಏನೋ ಹೇಳಲಿದ್ದಾರೆ ಎಂದು ಅವನು ನಟ್ಟು ತಿರುವುವ ಪಾನಾ ಹಿಡಿದು ಕಾದ. ಲೋಟ ನೆಲಕ್ಕೆ ಇಟ್ಟ ಸದ್ದಾಯಿತು. ಪಾದಗಳು ಹೊರಟುಹೋದವು.

ಕಪ್ಪು ರಬ್ಬರಿಗೆ ಸೋಪಿನ ನೀರು ಹಚ್ಚಿ ಒತ್ತಿದಾಗ ಅದು ಕೈಗೆ ಒಂದಿಷ್ಟು ಸೋತು, ಒಂದಿಷ್ಟು ಎದುರು ನಿಂತು, ಕೊನೆಗೆ ಪಾಟಾದ ಕಣ್ಣಿನೊಳಗೆ ಪುಳಕ್ಕನೆ ಕೂತಿತು. ಕೆಂಪು ಬುಷ್‌ಗೆ ಈ ಒಲವು ಇರಲಿಲ್ಲ. ಅದು ಕಾರಕೂನನ ಹಾಗೆ ಖಡಕ್ಕಾಗಿ ಬಂದು ಕೂತಿತ್ತು. ಅವನಿಗೆ ಬೆಳಗಿನಿಂದ ಮೊದಲ ಸಲ ಹಿತವೆನ್ನಿಸಿತು. ಶೆಡ್ಡಿನ ತಗಡಿನ ಮೇಲೆ ಬಿಸಿಲು ಏರುತ್ತಿತ್ತು, ಪಕ್ಕದಲ್ಲಿ ಪೇರಿಸಿದ್ದ ಹಿಂಡಿಯ ಮೂಟೆಗಳ ಹುಳಿ ಮಿಶ್ರಿತ ಸಿಹಿ ವಾಸನೆ, ಆಚೆ ಎಲ್ಲೋ ಟ್ರ್ಯಾಕ್ಟರು. ಒಂದೊಂದೇ ಬೋಲ್ಟು ತೂರಿಸಿ, ನಟ್ಟು ಹಾಕಿ, ತೋಳಿನ ಬಲವೆಲ್ಲ ಹಾಕಿ ಬಿಗಿದ. ಮೇಲೆ ಸ್ಟ್ಯಾಂಡಿನ ಮೇಲೆ ಕಾರು, ಗಾಳಿಯಲ್ಲಿ ಜೋತುಬಿದ್ದ ಹಿಂದಿನ ಚಕ್ರಗಳು. ಪ್ರತಿ ಸಲ ಪಾನಾ ಕಟ್ಟೆಂದಾಗಲೂ ಟಾರ್ಚಿನ ಬೆಳಕು ಸಣ್ಣಗೆ ಬೆಚ್ಚಿದ ಹಾಗಾಗುತ್ತಿತ್ತು. ಒಮ್ಮೆ ಮಾವ ಗಂಟಲು ಸರಿಮಾಡಿಕೊಂಡರು.

"ಏನು ಮಾವ?"

"ಏನಿಲ್ಲ... ಬಿಗಿ ಮಾಡ್ತಿದ್ದೀರಾ?"

"ಹ್ಞೂಂ, ಭದ್ರ ಮಾಡ್ತಿದ್ದೀನಿ."

"ಮಾಡಿ, ಮಾಡಿ."

ಸ್ಟ್ಯಾಂಡು ತೆಗೆದು ಜಾಕನ್ನು ನಿಧಾನವಾಗಿ ಇಳಿಸಿದ. ಚಕ್ರಗಳು ನೆಲ ಮುಟ್ಟಿದವು. ಕಾರಿನ ಮೂತಿ ತನ್ನ ಜಾಗಕ್ಕೆ ಬಂದು ನಿಂತಿತು, ಹಿಂಭಾಗ ಮಾತ್ರ ಮೇಲೇ ಉಳಿಯಿತು. ಅವನು ಎರಡೂ ಕೈ ಊರಿ ಡಿಕ್ಕಿಯನ್ನು ಒತ್ತಿದ. ಅದು ಒಲ್ಲದ ಮನಸ್ಸಿನಿಂದ ಒಂದಿಷ್ಟು ಬಗ್ಗಿ, ಕೈ ತೆಗೆದೊಡನೆ ಗೊಣಗುತ್ತಾ ಎದ್ದು ನಿಂತಿತು. ಒಗೆದ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತಳು.

"ಏನ್ರೀ ಇದು, ಹಸು ಏಳೋವಾಗ ಹಿಂದೆ ಎತ್ತಿಕೊಳ್ಳುತ್ತಲ್ಲ, ಹಾಗೆ ನಿಂತಿದೆ!"

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಮಂಚದ ಪಕ್ಕ ಸೊಂಟ ಎತ್ತಿ ನಿಂತಿದ್ದ ಆ ಆಕೃತಿ ಕಣ್ಣ ಮುಂದೆ ಬಂದು, ಕಾರಿನ ಮೇಲೆ ಕೂತು, ಹೋಗದೇ ಉಳಿಯಿತು. ಎಲ್ಲಿ ತಪ್ಪಿದೆ? ಅದೇ ಪಾಟಾ, ಅದೇ ಬೋಲ್ಟು. ಹೋದ ವಾರ ಕೆಂಪು ಹಾಕಿದಾಗಲೂ ಹೀಗೇ ಬಿಗಿದಿದ್ದ, ಹಿಂಭಾಗ ಮರ್ಯಾದೆಯಾಗಿ ಕೂತಿತ್ತು. ಕಿವಿ ಬಿಸಿಯಾಗುತ್ತಿತ್ತು. ಗೋಡೆಯ ಬಿರುಕು, ಕವಲೊಡೆದದ್ದು, ಎಲ್ಲಿಂದಲೋ ನೆನಪಿಗೆ ಬಂತು. ನಿನ್ನ ಕೈಯಿಂದ ಇದೂ ಆಗುವುದಿಲ್ಲ ಎಂದು ಆಗ ಹೇಳುತ್ತಿದ್ದ ದನಿ ಈಗ ಬಹಳ ದೂರದಿಂದ, ಆದರೂ ಕೇಳುವಷ್ಟು ಗಟ್ಟಿಯಾಗಿ, ಅದನ್ನೇ ಹೇಳಿತು.

ಮಾವ ಸ್ಟೂಲಿನಿಂದ ಎದ್ದು ಕಾರಿನ ಸುತ್ತ ಒಂದು ಸುತ್ತು ಬಂದರು. ಕೊಟ್ಟಿಗೆಯಲ್ಲಿ ಕಾಯಿಲೆಯ ದನದ ಸುತ್ತ ಅವರು ಹೀಗೇ ಬರುತ್ತಿದ್ದರು, ಮುಟ್ಟದೆ, ಬೆನ್ನ ಗೆರೆಯನ್ನೇ ನೋಡುತ್ತಾ. ಅವನ ಮುಖದತ್ತಲೂ ಒಮ್ಮೆ ಹಾಗೆಯೇ ನೋಡಿದರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದರು.

"ಹೊಸ ರಬ್ಬರು ಅಲ್ವಾ, ಓಡ್ತಾ ಓಡ್ತಾ ಕೂರುತ್ತೆ. ಚೆನ್ನಾಗೇ ಇದೆ. ಸೇತುವೆವರೆಗೆ ಹೋಗಿ ಬರ್ತೀನಿ."

"ಬೇಡಿ ಮಾವ, ಇನ್ನೊಂದು ಸಲ ಬಿಚ್ಚಿ..."

"ಎಷ್ಟು ಸಲ ಬಿಚ್ಚೋದು? ನೀವು ಬೆಳಗಿಂದ ದಣಿದಿದ್ದೀರಿ. ಪರವಾಗಿಲ್ಲ ಅಂದ್ನಲ್ಲ."

ಅವರು ಬಾಗಿಲು ತೆರೆದು, ಒಂದು ಕೈ ಚೌಕಟ್ಟಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು ಒಳಗೆ ಇಳಿಯಲು ಬಾಗುವಷ್ಟರಲ್ಲಿ ಅತ್ತೆ ಬಂದರು. ಖಾಲಿ ಲೋಟಕ್ಕೆ ಬಂದಿದ್ದವರು. ಕಾರಿನ ಎತ್ತಿದ ಹಿಂಭಾಗ ನೋಡಿದರು, ಗಂಡನ ಬಾಗಿದ ಬೆನ್ನು ನೋಡಿದರು. ಲೋಟವನ್ನು ಕಾರಿನ ಬಾನೆಟ್ಟಿನ ಮೇಲೆ ಠಣ್ಣೆಂದು ಇಟ್ಟರು.

"ಕೂತ್ಕೊಳ್ಳಿ. ಹೋಗಿ ಬನ್ನಿ. ಬಂದು ಹೋದ ವಾರದ ಹಾಗೆ ನೆಲದ ಮೇಲೆ ಮಗು ಹಾಗೆ ಅಂಬೆಗಾಲಿಡಿ. ನಾನು ಎಣ್ಣೆ ಬಿಸಿ ಮಾಡಿ ಇಟ್ಟಿರ್ತೀನಿ."

"ಸುಮ್ನಿರು ನೀನು."

"ನಾನ್ಯಾಕೆ ಸುಮ್ನಿರಲಿ? ಜೀವಮಾನವೆಲ್ಲ ಮಾತು ಬರದೋವಕ್ಕೆ ಔಷಧಿ ಕೊಟ್ಟು ಕೊಟ್ಟು ನಿಮಗೂ ಮಾತು ಹೋಗಿದೆ. ನೋಯುತ್ತೆ ಅನ್ನೋಕೆ ಏನ್ರೀ ಕಷ್ಟ? ಅವರು ಕೇಳಿದ್ರೆ ಚೆನ್ನಾಗಿದೆ, ನಾನು ಕೇಳಿದ್ರೆ ಸುಮ್ನಿರು. ಇನ್ನೂ ಎಷ್ಟು ದಿನ ಅಳಿಯನ್ನ ಕೋಳಿಮೊಟ್ಟೆ ಹಾಗೆ ಬುಟ್ಟಿಯಲ್ಲಿಟ್ಟು ಕಾಯ್ತೀರಿ? ಅವರು ಎದ್ದು ಓಡಾಡಿ ವರ್ಷಗಳಾದ್ವು. ಊರಿಗೆಲ್ಲ ಹಾಲು ಹೋಗೋದು ಅವರ ಕೈಯಿಂದ. ಒಂದು ಮಾತು ಗಟ್ಟಿ ಆಡಿದ್ರೆ ಒಡೆದು ಹೋಗ್ತಾರಾ?"

ಹೆಂಡತಿ ಬುಟ್ಟಿಯನ್ನು ಕೆಳಗಿಟ್ಟಳು. ಅವನಿಗೆ ಒಮ್ಮೆಲೇ ಮನೆಯೊಳಗಿನ ಎಷ್ಟೋ ಸದ್ದುಗಳು, ಸದ್ದಿಲ್ಲದಿದ್ದದ್ದೂ, ಬೇರೆಯಾಗಿ ಕೇಳಿಸತೊಡಗಿದವು. ತಾನು ಊಟಕ್ಕೆ ಬಂದಾಗ ತಗ್ಗುತ್ತಿದ್ದ ದನಿಗಳು. ಗಂಜಿ ಸೀದಾಗಲೂ ಅವನು ಸೌದೆ ಜಾಸ್ತಿ ತುರುಕಿದ್ದಕ್ಕೆ ಎಂದು ಯಾರೂ ಅನ್ನದಿದ್ದದ್ದು. ಬಾವಿಯ ಪಂಪನ್ನು ಅವನು ಕೆಡಿಸಿದಾಗ ಮಾವ "ಪಂಪೇ ಹಳೆಯದು" ಎಂದದ್ದು. ಅದನ್ನೆಲ್ಲ ಅವನು ಗೌರವ ಎಂದುಕೊಂಡಿದ್ದ. ಗೌರವವೂ ಹೌದು. ಆದರೆ ಎಲ್ಲರೂ ಇಷ್ಟು ವರ್ಷ ಅವನ ಸುತ್ತ ಹೆಜ್ಜೆಯ ಸದ್ದಾಗದ ಹಾಗೆ, ಮಲಗಿದ ಮಗುವಿನ ಕೋಣೆಯಲ್ಲಿ ಓಡಾಡುವ ಹಾಗೆ ಓಡಾಡಿದ್ದರು. ಮಗು ಎದ್ದು ಎಷ್ಟೋ ಹೊತ್ತಾಗಿತ್ತು. ಎದ್ದಿದ್ದೇನೆ ಎಂದು ಮಗುವೂ ಹೇಳಿರಲಿಲ್ಲ.

"ಮಾವ" ಎಂದ. ದನಿ ತನ್ನದಲ್ಲದ ಹಾಗೆ ಬಂತು. "ನಾನು ಅವತ್ತು ಬೆಳಗ್ಗೆ ಬಾಗಿಲಿಗೆ ಬಂದಿದ್ದೆ. ನೋಡಿದೆ. ಕೆಂಪು ಬುಷ್ ಹಾಕಬಾರದಿತ್ತು. ಈಗ ಇದು ಯಾಕೆ ಹೀಗೆ ನಿಂತಿದೆ ಅಂತ ನನಗೆ ಗೊತ್ತಾಗ್ತಿಲ್ಲ. ನಿಮಗೆ ಗೊತ್ತಿದ್ರೆ ಹೇಳಿ."

ಮಾವ ಚೌಕಟ್ಟು ಹಿಡಿದುಕೊಂಡೇ ಕಾರಿನ ಹಿಂಭಾಗದತ್ತ ತಿರುಗಿದರು. ಆಮೇಲೆ ಅವರ ಕತ್ತಿನ ನರ ಉಬ್ಬಿತು. ಹಟಮಾರಿ ಎತ್ತಿನ ಮುಂದೆ, ಹಗ್ಗ ಕಟ್ಟಲು ಬಾರದ ಅದರ ಒಡೆಯನ ಮುಂದೆ ಮಾತ್ರ ಅವರಿಗೆ ಬರುತ್ತಿದ್ದ ದನಿಯೊಂದು ಇತ್ತು. ಅವನು ಅದನ್ನು ದೂರದಿಂದ ಕೇಳಿದ್ದ, ತನ್ನ ಕಡೆಗೆ ಅದು ಎಂದೂ ತಿರುಗಿರಲಿಲ್ಲ.

"ಅಲ್ಲಯ್ಯಾ, ಚಕ್ರ ಗಾಳಿಯಲ್ಲಿ ಜೋತಾಡ್ತಿರುವಾಗ ರಬ್ಬರು ಬಿಗಿ ಮಾಡ್ತಾರೇನಯ್ಯಾ ಯಾರಾದ್ರೂ? ಆ ಪ್ಲಾಸ್ಟಿಕ್ಕು ಬೋಲ್ಟಿನ ಮೇಲೆ ತಿರುಗುತ್ತೆ, ಅದನ್ನ ಹೇಗೆ ಬಿಗಿದ್ರೂ ನಡೆಯುತ್ತೆ. ರಬ್ಬರು ತಿರುಗೋದಿಲ್ಲ, ತಿರುಚಿಕೊಳ್ಳುತ್ತೆ! ಯಾವ ಭಂಗಿಯಲ್ಲಿ ಬಿಗಿದ್ಯೋ ಅದೇ ತನ್ನ ಭಂಗಿ ಅಂತ ಹಿಡ್ಕೊಳ್ಳುತ್ತೆ. ನೀನು ಜೋತಾಡೋವಾಗ ಹಿಡಿಸಿದೆ, ಈಗ ಇಳಿಯೋಕೆ ಬಿಡ್ತಿಲ್ಲ. ಭಾರ ಹೊತ್ತು ನಿಂತಾಗ ಬಿಗೀಬೇಕು. ಡೈರಿಯಲ್ಲಿ ಅಷ್ಟು ದೊಡ್ಡ ಯಂತ್ರ ಬಿಚ್ಚಿ ಕಟ್ಟೋನಿಗೆ ಇಷ್ಟು ಗೊತ್ತಾಗಲ್ವಾ?"

"ನೀವು ನೋಡ್ತಾನೇ ಇದ್ರಲ್ಲ! ಟಾರ್ಚು ಹಿಡಿದಿದ್ರಲ್ಲ!"

"ನೋಡ್ತಿದ್ದೆ. ಪ್ರತಿ ಬೋಲ್ಟಿಗೂ ಬೇಡ ಅಂತ ನಾಲಗೆ ತುದಿಗೆ ಬರ್ತಿತ್ತು."

"ಹೇಳಬಾರದಿತ್ತಾ?"

"ಹೇಗೆ ಹೇಳೋದು? ನೀನು ಎಷ್ಟು ಆಸೆಯಿಂದ ಮಾಡ್ತಿದ್ದೆ." ಮಾವನ ದನಿ ಮುರಿಯಿತು, ಮತ್ತೆ ಏರಿತು. "ಮತ್ತೆ ಆ ಕೆಂಪು ದರಿದ್ರ! ಸೇತುವೆಗೆ ಹೋಗಿ ಬರೋಷ್ಟರಲ್ಲಿ ಬೆನ್ನಲ್ಲಿ ಬಡಗಿ ಕೂತು ಉಳಿ ಹೊಡೆದ ಹಾಗಾಯ್ತು. ಅಂಗಡಿಯವನಿಗೆ ನನ್ನ ಬೆನ್ನಿನ ವಿಷಯ ಹೇಳಿದ್ಯಾ, ಇಲ್ವಾ?"

"ಇಲ್ಲ. ಬೆಟ್ಟ ಹತ್ತೋ ಪಂದ್ಯಕ್ಕೆ ಅಂದೆ."

"ಯಾರು? ನಾನಾ? ಪಂದ್ಯಕ್ಕಾ?"

ಮೊದಲು ನಕ್ಕವರು ಅತ್ತೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಹೊಟ್ಟೆ ಕುಲುಕುವುದು ನಿಲ್ಲಲಿಲ್ಲ. "ಮಂಚ ಹತ್ತೋ ಪಂದ್ಯದಲ್ಲೇ ಸೋತಿದ್ದಾರೆ" ಎಂದರು. ಹೆಂಡತಿ ಶೆಡ್ಡಿನ ಕಂಬಕ್ಕೆ ಒರಗಿಬಿಟ್ಟಳು. ಮಾವ ನಗುವುದಿಲ್ಲ ಎಂದು ತುಟಿ ಬಿಗಿಹಿಡಿದು ನಿಂತಿದ್ದರು, ಆದರೆ ನಗು ಅವರ ಭುಜಕ್ಕೆ ಬಂದಾಗಿತ್ತು, ಭುಜದಿಂದ ಬೆನ್ನಿಗೆ ಇಳಿದು, "ಅಯ್ಯೋ, ಅಯ್ಯೋ, ನೋಯುತ್ತೆ ಕಣ್ರೇ" ಎಂದು ಬಾಗಿಲನ್ನು ಅಪ್ಪಿಕೊಂಡರು. ಅವನು ನೋಡುತ್ತಿದ್ದ. ನೋಯುತ್ತೆ. ಎಷ್ಟು ಸಲೀಸಾಗಿ ಬಂತು. ಅವನ ಎದೆಯಲ್ಲಿ, ಬೈಸಿಕೊಂಡ ಜಾಗದಲ್ಲಿ, ಉರಿಯ ಬದಲು ಬೇರೆಯೇ ಒಂದು ಬಿಸಿ ಹರಡುತ್ತಿತ್ತು. ಹಸಿವಿನಂತಿತ್ತು ಅದು.

ನಾಲ್ಕೂ ಚಕ್ರಗಳ ಕೆಳಗೆ ದಪ್ಪ ಹಲಗೆಗಳನ್ನು ಕೊಟ್ಟು, ಕಾರು ತನ್ನ ಕಾಲ ಮೇಲೇ ನಿಂತಿರುವಂತೆ, ಅವನು ಮತ್ತೆ ಕೆಳಗೆ ಹೊಕ್ಕ. ಒಂದೊಂದೇ ನಟ್ಟು ಸಡಿಲಿಸಿದ. ತಿರುಚಿಕೊಂಡಿದ್ದ ರಬ್ಬರು ಹಿಡಿತ ಬಿಟ್ಟಾಗಲೆಲ್ಲ ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಹಾಗೆ ಒಂದು ಉಸಿರು ಕೇಳುತ್ತಿತ್ತು. ಕಾರಿನ ಹಿಂಭಾಗ ಅವನ ಮೂಗಿನ ಮೇಲೆ ಮೆಲ್ಲಗೆ ಇಳಿದು ಬಂದು ನಿಂತಿತು.

"ಈಗ ಭಾರ" ಎಂದರು ಮಾವ. "ಓಡಿಸೋವಾಗ ಎಷ್ಟು ಭಾರ ಇರುತ್ತೋ ಅಷ್ಟು. ನಾನು ಕೂತೆ. ಪಕ್ಕಕ್ಕೆ ಯಾರು?"

"ಹಿಂಡಿ ಮೂಟೆ ಇಡಲಾ ಅಪ್ಪ?"

"ಮೂಟೆ ಯಾಕೆ, ನಿಮ್ಮಮ್ಮ ಇಲ್ವಾ?"

"ನೋಡಿದ್ಯಾ, ಇಷ್ಟು ವರ್ಷ ಆದ ಮೇಲೆ ಕರೆದದ್ದು ಯಾತಕ್ಕೆ ಅಂತ? ಮೂಟೆ ಬದಲಿಗೆ" ಎಂದರು ಅತ್ತೆ. ಆದರೂ ಬಂದರು. ಕೆಳಗೆ ಮಲಗಿದ್ದವನಿಗೆ ಅವರ ಪಾದಗಳು ಹಿಂದೆ ಮುಂದೆ ಆಡುವುದು, ಒಂದು ಪಾದ ಮಾಯವಾಗುವುದು, ಇನ್ನೊಂದು ಪಾದ ಗಾಳಿಯಲ್ಲಿ ತಡಕಾಡುವುದು ಕಾಣಿಸಿತು. "ಹಿಡ್ಕೊಳ್ರೀ", "ಹಿಡ್ಕೊಂಡಿದ್ದೀನಿ", "ಅಲ್ಲಲ್ಲ, ಆ ಕೈ", ಆಮೇಲೆ ದೊಪ್ಪೆಂದು ಒಂದು ಸದ್ದು. ಪಾಟಾ ಅವನ ಕಣ್ಣೆದುರೇ ನಿಧಾನವಾಗಿ ಬಾಗಿ, ಹೊತ್ತುಕೊಂಡಿತು.

"ಏನೇ, ಸುಮ್ಮನಾದೆ?"

"ಇಲ್ಲಿಂದ ನೋಡಿದ್ರೆ ನಮ್ಮನೆ ಎಷ್ಟು ದೊಡ್ಡದಾಗಿ ಕಾಣುತ್ತೆ" ಎಂದರು ಅತ್ತೆ.

ಅವನು ಬಿಗಿದ. ಆ ಇಬ್ಬರ ಭಾರ ಮೇಲೆ ಕೂತಿರುವಾಗ, ಅವರು ಅದೂ ಇದೂ ಮಾತಾಡುತ್ತಾ ಅಲುಗಿದಾಗೆಲ್ಲ ಪಾಟಾ ಉಸಿರಾಡುತ್ತಿರುವಾಗ, ಒಂದು ನಟ್ಟು, ಇನ್ನೊಂದು ನಟ್ಟು. ಹೆಂಡತಿ ಟಾರ್ಚು ಹಿಡಿದಿದ್ದಳು. ಮಾವ ಮೇಲಿನಿಂದ ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತಾ, "ಎಡಗಡೆಯದು ಇನ್ನೊಂದು ಸುತ್ತು. ಸಾಲದು. ಊಟ ಮಾಡಿಲ್ವಾ ಇವತ್ತು?" ಎನ್ನುತ್ತಿದ್ದರು. ಹೌದು ಮಾವ, ಎನ್ನುತ್ತಿದ್ದ ಅವನು. ಸರಿ ಮಾವ. ಪಾನಾ ಜಾರಿ ಬೆರಳಿನ ಗಂಟು ತರಚಿತು. "ಸ್ಸ್" ಎಂದ, ಮುಚ್ಚಿಡದೆ, ಗಟ್ಟಿಯಾಗಿಯೇ. "ಏನಾಯ್ತು?" ಎಂದು ಮೂರು ದನಿಗಳು ಒಟ್ಟಿಗೆ ಕೇಳಿದವು. "ತರಚಿತು, ಉರೀತಿದೆ" ಎಂದ.

ಹಲಗೆ ತೆಗೆದಾಗ ಕಾರು ನೆಲಕ್ಕೆ ಸಮವಾಗಿ, ಮುಂದೆಯೂ ಹಿಂದೆಯೂ ಒಂದೇ ಗೆರೆಯಲ್ಲಿ ನಿಂತಿತು. ಅತ್ತೆ ಇಳಿಯಲು ಒಮ್ಮೆ ಪ್ರಯತ್ನಿಸಿ ಬಿಟ್ಟುಕೊಟ್ಟರು. "ಬಿದ್ದದ್ದು ಬಿದ್ದೆ, ಇನ್ನು ಎತ್ತೋಕೆ ಯಾರಿಗೂ ಕಷ್ಟ ಬೇಡ. ನಡೀರಿ ಸೇತುವೆಗೆ" ಎಂದು ಸೆರಗನ್ನು ತಲೆಗೆ ಬಿಗಿದು ಕಟ್ಟಿಕೊಂಡರು. ಕಾರು ಶೆಡ್ಡಿನಿಂದ ಹೊರಬಿತ್ತು. ಅವನೂ ಹೆಂಡತಿಯೂ ಗೇಟಿನವರೆಗೆ ಹಿಂದೆಯೇ ನಡೆದು ನಿಂತರು. ಮಧ್ಯಾಹ್ನದ ಬಿಸಿಲಲ್ಲಿ ರಸ್ತೆ ಕಾಲುವೆಯ ಪಕ್ಕದಲ್ಲೇ ನೆಟ್ಟಗೆ ಹೋಗಿತ್ತು. ದೂರದಲ್ಲಿ ಆ ಎರಡು ತಲೆಗಳು, ಒಂದು ಬಿಳಿ ಕೂದಲಿನದು, ಒಂದು ಸೆರಗಿನದು, ನೆಲದ ಮೇಲೆಯೇ ತೇಲುತ್ತಿರುವ ಹಾಗೆ ಹೋಗುತ್ತಿದ್ದವು. ಸೇತುವೆಗೆ ಮೊದಲು ರಸ್ತೆ ಕುಸಿದ ಜಾಗವೊಂದಿತ್ತು. ಅದು ಬರುತ್ತಿದ್ದಂತೆ ಅವನ ಬೆನ್ನು ತಾನಾಗಿ ಸೆಟೆದುಕೊಂಡಿತು. ಕಾರಿನ ಹಿಂಭಾಗ ಇಳಿಯಿತು, ಮುಳುಗಿತು, ಅಷ್ಟೇ ನಿಧಾನವಾಗಿ ಎದ್ದಿತು. ಎರಡು ತಲೆಗಳೂ ಎಗರಲಿಲ್ಲ.

ಸ್ವಲ್ಪ ಮುಂದೆ ಹೋಗಿ ಕಾರು ನಿಂತಿತು.

"ಯಾಕೆ ನಿಂತ್ರು?" ಎಂದಳು ಹೆಂಡತಿ. ಅವಳ ಕೈ ಅವನ ತೋಳನ್ನು ಹಿಡಿದಿತ್ತು. ಬಾಗಿಲು ತೆರೆಯಿತು. ಮಾವ ಚೌಕಟ್ಟು ಹಿಡಿದು, ಒಂದು ಕಾಲು ಹೊರಗಿಟ್ಟು, ಮೆಲ್ಲಗೆ, ಆದರೆ ನೆಟ್ಟಗೆ ಎದ್ದು ನಿಂತರು. ಇತ್ತ ತಿರುಗಿದರು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಅವರು ಕೂಗಿದ್ದು ಬಯಲಿನ ಮೇಲೆ ಬಿಡಿಬಿಡಿಯಾಗಿ ಬಂತು.

"ಏಯ್! ಬಲಗಡೆ ಕಿರುಗುಟ್ತಿದೆ! ಸೋಪು ಹಚ್ಚಿದ್ಯಾ ಇಲ್ವಾ? ಏನು ಕೆಲಸ ಇದು! ಬಾ ಇಲ್ಲಿ!"

"ಬೆನ್ನು?" ಎಂದು ಹೆಂಡತಿ ಕೂಗಿದಳು. "ಅಪ್ಪಾ, ಬೆನ್ನು?"

"ಬೆನ್ನಿಗೇನೂ ಆಗಿಲ್ಲ! ಕಿರುಗುಟ್ಟೋದು ಕೇಳಿ ಕಿವಿ ಹೋಯ್ತು! ಪಾನಾ ತಗೊಂಡು ಬಾ ಅನ್ನು ನಿನ್ನ ಗಂಡನಿಗೆ! ನಿಂತು ಏನು ನೋಡ್ತಿದ್ದಾನೆ?"

ಅವನು ಶೆಡ್ಡಿಗೆ ಓಡಿ ಪಾನಾ ಹಿಡಿದು ರಸ್ತೆಗೆ ಬಂದ. ತರಚಿದ ಬೆರಳಿಗೆ ಕಬ್ಬಿಣ ತಾಗಿ ಉರಿಯುತ್ತಿತ್ತು, ಕಾಲುವೆಯ ನೀರು ಪಕ್ಕದಲ್ಲೇ ಅವನ ಜೊತೆಗೆ ಓಡುತ್ತಿತ್ತು. ಹತ್ತಿರವಾದಂತೆಲ್ಲ ಮಾತುಗಳು ಸ್ಪಷ್ಟವಾಗುತ್ತಿದ್ದವು: ಆತುರಗೇಡಿ, ಕೈಗೊಂದು ಬುದ್ಧಿ ಕಾಲಿಗೊಂದು ಬುದ್ಧಿ, ಅಷ್ಟು ಸಲ ಹೇಳಿದೆ ಇನ್ನೊಂದು ಸುತ್ತು ಅಂತ. ಅತ್ತೆ ಕಾರಿನೊಳಗಿಂದಲೇ "ಸಾಕು ಬಿಡ್ರೀ" ಎನ್ನುತ್ತಿದ್ದರು. ಮಾವ ಬಿಡುತ್ತಿರಲಿಲ್ಲ. ತಾನು ತಲುಪಿದೊಡನೆ ಆ ಬೈಗುಳ ನಿಂತುಹೋದೀತೆಂದು ಅವನು ಓಟವನ್ನು ಸ್ವಲ್ಪ ನಿಧಾನ ಮಾಡಿದ.